ಶುದ್ಧ ತಳಿ, ಸಂಕರ ತಳಿ: ಹತ್ತನೇ ಕ್ಲಾಸಿನ ಒಂದು ಪಾಠದ ವಿಮರ್ಶೆ

ನಮ್ಮ ವಿಮರ್ಶಕರು ಕವನ ಸಂಕಲನ ಓದುತ್ತಾರೆ, ಕಾದಂಬರಿ ಓದುತ್ತಾರೆ, ಒಂದು ಪ್ರತಿಮೆಯ ಹಿಂದೆ ಬಿದ್ದು ಹತ್ತು ಪುಟ ಬರೆಯುತ್ತಾರೆ. ಹಳ್ಳಿಯ ಹೈಸ್ಕೂಲಿನಲ್ಲಿ ನಮ್ಮ ಹುಡುಗ ಹುಡುಗಿಯರು ಬಾಯಿಪಾಠ ಮಾಡುವ ಪುಸ್ತಕವನ್ನು ಮಾತ್ರ ಓದುವುದಿಲ್ಲ. ಐನೂರು ಪ್ರತಿ ಅಚ್ಚಾಗಿ ಅರ್ಧ ಗೆದ್ದಲ ಪಾಲಾಗುವ ಸಂಕಲನಕ್ಕೆ ನಾಲ್ಕು ವಿಮರ್ಶೆ; ಲಕ್ಷಾಂತರ ಮಕ್ಕಳ ಕೈಗೆ ಹೋಗುವ ವಿಜ್ಞಾನದ ಪುಸ್ತಕಕ್ಕೆ ಒಂದೂ ಇಲ್ಲ. ಅದು ಬರೀ ವಿಜ್ಞಾನ, ಅದರಲ್ಲಿ ಭಾಷೆಯ ಪ್ರಶ್ನೆಯೂ ಇಲ್ಲ, ಜಾತಿಯ ಪ್ರಶ್ನೆಯೂ ಇಲ್ಲ ಅಂತ ಎಲ್ಲರೂ ನಂಬಿದ್ದಾರೆ. ನಮ್ಮ ಮನೆಗಳಿಗೆ ಮೊದಲ ಡಿಗ್ರಿ ತಂದ ನಾವು ಹಾಗೆ ನಂಬಿ ಸುಮ್ಮನೆ ಕೂರುವಂತಿಲ್ಲ. ಯಾಕೆಂದರೆ ನಮ್ಮ ಕೇರಿಯ ಬಹಳ ಮಕ್ಕಳಿಗೆ ಆ ಪುಸ್ತಕವೇ ವಿಜ್ಞಾನದ ಮೊದಲ ಪುಸ್ತಕ, ಅದೇ ಕೊನೆಯ ಪುಸ್ತಕ.

ಅದರಲ್ಲಿ ಒಂದು ಪಾಠವಿತ್ತು: ‘ಅನುವಂಶೀಯತೆ ಮತ್ತು ಜೀವವಿಕಾಸ’. ಅಪ್ಪ ಅವ್ವನಿಂದ ಮಕ್ಕಳಿಗೆ ಏನು ಬರುತ್ತದೆ, ಏನು ಬರುವುದಿಲ್ಲ. ಪ್ರಾಣಿಗಳು ತಲೆಮಾರು ಕಳೆದಂತೆ ಹೇಗೆ ಬದಲಾಗುತ್ತವೆ. ಮನುಷ್ಯ ಎಲ್ಲಿಂದ ಬಂದ. ಇಷ್ಟು ವಿಷಯ. ಇದು ಹುಟ್ಟಿನ ಪಾಠ. ಹುಟ್ಟಿನಿಂದಲೇ ಮನುಷ್ಯನ ಬೆಲೆ ಕಟ್ಟುವ ಈ ದೇಶದಲ್ಲಿ ಹುಟ್ಟಿನ ಬಗ್ಗೆ ವಿಜ್ಞಾನ ಏನು ಹೇಳುತ್ತದೆ ಅನ್ನುವುದು ಪರೀಕ್ಷೆಯ ನಾಲ್ಕು ಅಂಕದ ಪ್ರಶ್ನೆಯಲ್ಲ. ಈ ಪಾಠದ ವಿಜ್ಞಾನ ಜಾತಿಯ ಬುಡಕ್ಕೇ ಕೊಡಲಿ ಹಾಕುತ್ತದೆ. ಆದರೆ ಆ ವಿಜ್ಞಾನವನ್ನು ಕನ್ನಡಕ್ಕೆ ತಂದವರು ಬಳಸಿದ ಪದಗಳು ಅದೇ ಬುಡಕ್ಕೆ ನೀರು ಹೊಯ್ಯುತ್ತವೆ. ೨೦೨೨-೨೩ರಲ್ಲಿ ದೆಹಲಿಯವರು ಆ ಕೊಡಲಿಯನ್ನೇ ಪುಸ್ತಕದಿಂದ ಹೊರಗೆ ಎಸೆದರು. ನಮ್ಮ ತಕರಾರು ಈ ಎರಡರ ಮೇಲೂ ಇದೆ.

ಮೊದಲು ಮೆಂಡೆಲನ ವಿಷಯ. ಮೆಂಡೆಲ್ ೧೮೨೨ರಲ್ಲಿ ಹುಟ್ಟಿದ ಬಡ ರೈತನ ಮಗ. ಓದಿಗೆ ದುಡ್ಡಿಲ್ಲದಾಗ ಅವನ ತಂಗಿ ತನ್ನ ಮದುವೆಗೆಂದು ಇದ್ದ ಪಾಲಿನಲ್ಲಿ ಅಣ್ಣನಿಗೆ ಕೊಟ್ಟಳು. ಕೊನೆಗೆ ಬ್ರುನೋ ಊರಿನ ಮಠ ಸೇರಿದ, ಬದಲಿ ಮೇಷ್ಟ್ರಾಗಿ ಪಾಠ ಹೇಳಿದ, ಕಾಯಂ ಮೇಷ್ಟ್ರಾಗುವ ಪರೀಕ್ಷೆಯಲ್ಲಿ ಫೇಲಾದ. ಅಂಥವನು ಮಠದ ಹಿತ್ತಲಲ್ಲಿ ಸುಮಾರು ೨೮,೦೦೦ ಬಟಾಣಿ ಗಿಡ ಬೆಳೆಸಿ, ಒಂದೊಂದನ್ನೂ ಎಣಿಸಿ, ೧೮೬೬ರಲ್ಲಿ ಲೆಕ್ಕ ಅಚ್ಚು ಹಾಕಿಸಿದ. ೧೯೦೦ರವರೆಗೆ ಪಂಡಿತರು ಅದನ್ನು ಕಣ್ಣೆತ್ತಿ ನೋಡಲಿಲ್ಲ. ಬಡವರ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಕತೆ ಯಾವುದಿದೆ? ಆದರೆ ನಾವು ಕೂತ ಕ್ಲಾಸುಗಳಲ್ಲಿ ಮೆಂಡೆಲ್ ಅಂದರೆ ನಾಲ್ಕು ಚೌಕದ ಒಂದು ಪಟ್ಟಿ, ‘ಮೂರಕ್ಕೆ ಒಂದು’ ಅನ್ನುವ ಒಂದು ಉತ್ತರ, ಅಷ್ಟೇ.

ಅವನು ಎತ್ತರದ ಗಿಡಕ್ಕೂ ಗಿಡ್ಡ ಗಿಡಕ್ಕೂ ಕೂಡಿಕೆ ಮಾಡಿದ. ಮೊದಲ ತಲೆಮಾರಿನಲ್ಲಿ ಎಲ್ಲವೂ ಎತ್ತರ. ಗಿಡ್ಡತನ ಎಲ್ಲಿ ಹೋಯಿತು? ಆ ಗಿಡಗಳನ್ನು ತಮ್ಮಷ್ಟಕ್ಕೇ ಬೀಜ ಕಟ್ಟಲು ಬಿಟ್ಟಾಗ ಮುಂದಿನ ತಲೆಮಾರಿನಲ್ಲಿ ೭೮೭ ಎತ್ತರದವು, ೨೭೭ ಗಿಡ್ಡವು ಬಂದವು. ಗಿಡ್ಡತನ ಸತ್ತಿರಲಿಲ್ಲ, ಅಳಿದಿರಲಿಲ್ಲ, ಕಲಸಿಯೂ ಹೋಗಿರಲಿಲ್ಲ. ಅಡಗಿ ಕೂತಿತ್ತು. ಹೀಗೆ ಅಡಗುವ ಗುಣಕ್ಕೆ ಮೆಂಡೆಲ್ ಕೊಟ್ಟ ಹೆಸರಿನ ಅರ್ಥ ‘ಹಿಂದೆ ಸರಿದದ್ದು’ ಅಂತ. ನಮ್ಮ ಕನ್ನಡ ಕ್ಲಾಸಿನಲ್ಲಿ ಅದಕ್ಕೆ ಏನಂದರು ಗೊತ್ತೆ? ‘ದುರ್ಬಲ ಗುಣ’. ಮೇಲೆ ಕಾಣಿಸಿಕೊಳ್ಳುವುದು ‘ಪ್ರಬಲ ಗುಣ’.

ಇದು ಸಣ್ಣ ಮಾತಲ್ಲ ಗೆಳೆಯರೇ. ದುರ್ಬಲ ವರ್ಗ ಅಂತ ಸರ್ಕಾರದ ಕಾಗದದಲ್ಲಿ ಕರೆಸಿಕೊಂಡ ಮನೆಯ ಹುಡುಗನಿಗೆ ಈ ಪದ ಹೇಗೆ ಕೇಳಿಸುತ್ತದೆ? ಬಲ ಇದ್ದದ್ದು ಮೇಲೆ, ಬಲ ಇಲ್ಲದ್ದು ಕೆಳಗೆ, ಇದು ಪ್ರಕೃತಿಯದೇ ಏರ್ಪಾಟು ಅನ್ನುವ ಹಾಗೆ ಕೇಳಿಸುತ್ತದೆ. ವಿಜ್ಞಾನದಲ್ಲಿ ಇಂಥ ಅರ್ಥ ಒಂದು ಚೂರೂ ಇಲ್ಲ. ಆರು ಬೆರಳಿನ ಕೈ ಎಷ್ಟೋ ಮನೆತನಗಳಲ್ಲಿ ‘ಪ್ರಬಲ’ ಗುಣವಾಗಿ ಬರುತ್ತದೆ. ಹಾಗಂತ ಐದು ಬೆರಳಿನ ನಾವೆಲ್ಲ ದುರ್ಬಲರೇ? ಓ ಗುಂಪಿನ ರಕ್ತ ಈ ಪಾಠದ ಭಾಷೆಯಲ್ಲಿ ‘ದುರ್ಬಲ’. ದಕ್ಷಿಣ ಭಾರತದಲ್ಲಿ ಬಹಳ ಜನರ ಮೈಯಲ್ಲಿ ಹರಿಯುವುದು ಅದೇ. ಓ ನೆಗೆಟಿವ್ ಬಾಟಲಿಗಾಗಿ ಆಸ್ಪತ್ರೆಯ ಬಾಗಿಲಲ್ಲಿ ಯಾವ ಜಾತಿಯವನಾದರೂ ಕೈ ಮುಗಿದು ನಿಲ್ಲುತ್ತಾನೆ. ಆಗ ಆ ರಕ್ತ ಯಾವ ಕೇರಿಯದು ಅಂತ ಕೇಳುವುದಿಲ್ಲ. ‘ಕಾಣುವ ಗುಣ, ಅಡಗಿದ ಗುಣ’ ಅಂದಿದ್ದರೆ ಸಾಕಿತ್ತು. ಮಕ್ಕಳಿಗೂ ಅರ್ಥ ಆಗುತ್ತಿತ್ತು, ಮೆಂಡೆಲನ ಮಾತಿಗೂ ಹತ್ತಿರ ಇರುತ್ತಿತ್ತು.

ಇನ್ನು ‘ಶುದ್ಧ ತಳಿ’ ಮತ್ತು ‘ಸಂಕರ ತಳಿ’. ವಿಜ್ಞಾನದಲ್ಲಿ ಶುದ್ಧ ಅಂದರೆ ಇಷ್ಟೇ: ಅಪ್ಪನಿಂದ ಬಂದ ಪ್ರತಿ, ಅವ್ವನಿಂದ ಬಂದ ಪ್ರತಿ, ಎರಡೂ ಒಂದೇ ಥರ. ಬೇರೆ ಬೇರೆ ಇದ್ದರೆ ಸಂಕರ. ಚೊಕ್ಕಟಕ್ಕೂ ಕೊಳಕಿಗೂ ಇಲ್ಲಿ ಕೆಲಸವಿಲ್ಲ. ಆದರೆ ನಮ್ಮ ದೇಶದಲ್ಲಿ ಶುದ್ಧ ಅನ್ನುವ ಪದ ಖಾಲಿ ಕೈಯಲ್ಲಿ ಕ್ಲಾಸಿಗೆ ಬರುವುದಿಲ್ಲ, ಮಡಿ ಉಟ್ಟುಕೊಂಡೇ ಬರುತ್ತದೆ. ಸಂಕರ ಅನ್ನುವುದಂತೂ ಶಾಸ್ತ್ರದ ಬೈಗುಳ. ವರ್ಣಸಂಕರದ ಭಯ ಗೀತೆಯಲ್ಲೇ ಇದೆ. ಮನುಸ್ಮೃತಿಯ ಹತ್ತನೇ ಅಧ್ಯಾಯ ಶೂದ್ರ ಗಂಡಿಗೂ ಬ್ರಾಹ್ಮಣ ಹೆಣ್ಣಿಗೂ ಹುಟ್ಟಿದವನನ್ನು ಚಂಡಾಲ ಅಂತ ಕರೆದು ಊರಾಚೆಗೆ ಹಾಕಿತು. ಆ ಪದವನ್ನೇ ತಂದು ಬಟಾಣಿ ಗಿಡಕ್ಕೆ ಅಂಟಿಸಿದರೆ, ಜಾತಿ ಬಿಟ್ಟು ಮದುವೆಯಾದ ಅಕ್ಕನ ಮಗುವನ್ನು ಕ್ಲಾಸಿನ ಹುಡುಗರು ಏನಂತ ಕರೆಯುತ್ತಾರೆ?

ನಮ್ಮ ಹೊಲದ ಸತ್ಯ ಬೇರೆಯೇ ಇದೆ. ಮಂಡ್ಯದ ವಿ.ಸಿ. ಫಾರಮಿನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಕೂಡಿಕೆ ಮಾಡಿ ಇಂಡಾಫ್ ತಳಿಗಳನ್ನು ತಂದರು. ಹೆಸರೇ ಹೇಳುತ್ತದೆ: ಇಂಡಿಯಾ ಮತ್ತು ಆಫ್ರಿಕ. ತೆನೆ ತುಂಬಿತು, ಇಳುವರಿ ಏರಿತು. ಆ ಸಂಕರ ರಾಗಿಯ ಮುದ್ದೆಯನ್ನು ಗೌಡರ ಮನೆಯಲ್ಲೂ ಉಂಡರು, ನಮ್ಮ ಹಟ್ಟಿಯಲ್ಲೂ ಉಂಡರು. ಯಾರ ಜಾತಿಯೂ ಕೆಡಲಿಲ್ಲ. ಪಾಠ ಹೇಳುವ ಮೇಷ್ಟ್ರು ಯೂರೋಪಿನ ಬಟಾಣಿಯ ಪಕ್ಕದಲ್ಲಿ ಈ ರಾಗಿಯನ್ನು ಇಟ್ಟರೆ ಸಂಕರ ಅನ್ನುವ ಪದದ ವಿಷದ ಹಲ್ಲು ಅಲ್ಲೇ ಕಳಚಿ ಬೀಳುತ್ತದೆ.

ಮನುಷ್ಯರಲ್ಲಿ ಶುದ್ಧ ತಳಿ ಇದೆಯೆ? ೨೦೧೩ರಲ್ಲಿ ಹೈದರಾಬಾದಿನ ಸಿ.ಸಿ.ಎಂ.ಬಿ. ಮತ್ತು ಅಮೆರಿಕದ ಹಾರ್ವರ್ಡಿನ ವಿಜ್ಞಾನಿಗಳು ಕೂಡಿ ಒಂದು ಅಧ್ಯಯನ ಪ್ರಕಟಿಸಿದರು. ಸುಮಾರು ೪೨೦೦ ವರ್ಷದ ಹಿಂದಿನಿಂದ ೧೯೦೦ ವರ್ಷದ ಹಿಂದಿನವರೆಗೆ ಈ ನೆಲದ ಜನ ಒಬ್ಬರಿಗೊಬ್ಬರು ಧಾರಾಳವಾಗಿ ಬೆರೆತರು, ಆಮೇಲೆ ಒಳಗೊಳಗೇ ಮದುವೆಯಾಗುವ ಬೇಲಿ ಬಿತ್ತು ಅನ್ನುವುದು ಅದರ ತಿರುಳು. ಅಂದರೆ ಜಾತಿ ಸೃಷ್ಟಿಯ ಮೊದಲ ದಿನದಿಂದ ಬಂದದ್ದಲ್ಲ. ಬೆರೆತ ಜನರ ನಡುವೆ ಆಮೇಲೆ ಕಟ್ಟಿದ ಗೋಡೆ. ಮೇಲಿನವರ ರಕ್ತದಲ್ಲೂ ಬೆರಕೆ, ನಮ್ಮ ರಕ್ತದಲ್ಲೂ ಬೆರಕೆ. ಇಲ್ಲಿ ನಮ್ಮವರಿಗೂ ಒಂದು ಮಾತು ಹೇಳಬೇಕು. ‘ನಾವೇ ಶುದ್ಧ ಮೂಲದವರು, ನಮ್ಮ ರಕ್ತವೇ ಈ ನೆಲದ ಅಸಲಿ ರಕ್ತ’ ಅಂತ ವೇದಿಕೆಯಲ್ಲಿ ಗುಡುಗುವ ಕೆಲವು ಗೆಳೆಯರಿದ್ದಾರೆ. ಅವರ ಸಿಟ್ಟು ನಮಗೆ ಅರ್ಥವಾಗುತ್ತದೆ. ಆದರೆ ರಕ್ತದ ತಕ್ಕಡಿ ವೈರಿಯ ಅಂಗಡಿಯದು. ಅದರಲ್ಲಿ ನಮ್ಮನ್ನು ತೂಗಿಕೊಂಡರೂ ಲಾಭ ಅವನಿಗೇ.

ಬಾಬಾಸಾಹೇಬರು ಆ ತಕ್ಕಡಿಯನ್ನು ಮುಟ್ಟಲಿಲ್ಲ. ೧೯೩೬ರ ‘ಜಾತಿ ವಿನಾಶ’ದಲ್ಲಿ, ಜಾತಿ ಇರುವುದು ರಕ್ತದ ಶುದ್ಧಿ ಕಾಯಲು ಅನ್ನುವವರಿಗೆ ಅವರು ಉತ್ತರ ಕೊಟ್ಟಿದ್ದಾರೆ. ಪಂಜಾಬಿನ ಬ್ರಾಹ್ಮಣನೂ ಪಂಜಾಬಿನ ಚಮ್ಮಾರನೂ ಒಂದೇ ಬುಡಕಟ್ಟಿನವರು, ಜಾತಿಯ ಗೆರೆ ಜನಾಂಗದ ಗೆರೆಯಲ್ಲ ಅಂತ ವಾದಿಸಿದ್ದಾರೆ. ಅದೇ ಜಾಗದಲ್ಲಿ ಅವರು ಮುಂದಿಡುವ ಪುಸ್ತಕಗಳಲ್ಲಿ ಒಂದು, ಮೆಂಡೆಲನ ಅನುವಂಶೀಯತೆಯ ಮೇಲೆ ಬೇಟ್ಸನ್ ಬರೆದದ್ದು. ಬುದ್ಧಿಯಂಥ ಗುಣಗಳು ಒಂದೇ ನೇರ ದಾರಿಯಲ್ಲಿ ಮಕ್ಕಳಿಗೆ ಇಳಿದು ಬರುತ್ತವೆ ಅನ್ನಲು ಆಧಾರವಿಲ್ಲ ಎಂಬುದಕ್ಕೆ ಆ ವಿಜ್ಞಾನಿಯ ಮಾತನ್ನೇ ಎತ್ತಿ ತೋರಿಸಿದ್ದಾರೆ. ನಮ್ಮ ಶಾಲೆಗಳಲ್ಲಿ ಅಂಬೇಡ್ಕರ್ ಅಂದರೆ ಸಮಾಜ ವಿಜ್ಞಾನದ ಒಂದು ಪಾಠ, ಏಪ್ರಿಲ್ ೧೪ರ ಒಂದು ಹಾರ. ಅವರು ಮೆಂಡೆಲನ ಶಾಸ್ತ್ರವನ್ನೂ ಓದಿ ಅದನ್ನು ಆಯುಧ ಮಾಡಿಕೊಂಡವರು ಅಂತ ವಿಜ್ಞಾನದ ಮೇಷ್ಟ್ರು ಹೇಳುವ ದಿನ ಬರಬೇಕು.

ಪದಗಳ ಪಟ್ಟಿ ಇನ್ನೂ ಇದೆ. ಜೀವಕೋಶದೊಳಗೆ ಬಣ್ಣ ಹೀರುವ ಎಳೆಗಳಿಗೆ ‘ವರ್ಣತಂತು’ ಅಂದರು. ಬಣ್ಣದ ಎಳೆ ಅನ್ನುವುದು ಸರಿಯಾದ ಅರ್ಥವೇ. ಆದರೂ ವರ್ಣ, ತಂತು ಎರಡೂ ಕೂಡಿದರೆ ನಮ್ಮ ಕಿವಿಗೆ ಜನಿವಾರವೇ ಕೇಳಿಸಿದರೆ ತಪ್ಪು ಕಿವಿಯದಲ್ಲ. ಈ ಎಳೆಗಳ ಲೆಕ್ಕ ಮಾತ್ರ ಚೆನ್ನಾಗಿದೆ: ಒಟ್ಟು ೪೬, ಅವ್ವನಿಂದ ೨೩, ಅಪ್ಪನಿಂದ ೨೩. ಗೋತ್ರ ಬರೀ ಅಪ್ಪನ ಕಡೆ ಎಣಿಸುತ್ತದೆ, ಜೀವಕೋಶ ಹಾಗೆ ಮೋಸ ಮಾಡುವುದಿಲ್ಲ.

‘ಕೆಳವರ್ಗದ ಪ್ರಾಣಿಗಳು, ಮೇಲ್ವರ್ಗದ ಪ್ರಾಣಿಗಳು’ ಅನ್ನುವ ಮಾತಂತೂ ನೇರವಾಗಿ ಊರಿನ ಚಾವಡಿಯಿಂದಲೇ ಬಂದಂತಿದೆ. ಎರೆಹುಳು ಕೆಳಗೆ, ಕಪ್ಪೆ ಅದರ ಮೇಲೆ, ಹಸು ಇನ್ನೂ ಮೇಲೆ, ತುದಿಯಲ್ಲಿ ಮನುಷ್ಯ. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಅಂದರಲ್ಲ, ಅದೇ ಏಣಿ. ಡಾರ್ವಿನ್ ೧೮೫೯ರಲ್ಲಿ ಹೇಳಿದ್ದು ಏಣಿಯಲ್ಲ, ಮರ. ಒಂದೇ ಬುಡ, ನೂರಾರು ಕೊಂಬೆ. ಇವತ್ತು ಬದುಕಿರುವ ಪ್ರತಿ ಜೀವಿಯೂ ಒಂದು ಕೊಂಬೆಯ ತುದಿಯಲ್ಲೇ ಇದೆ. ಕುದಿಯುವ ಬಿಸಿನೀರಿನ ಬುಗ್ಗೆಯಲ್ಲೂ, ಸಮುದ್ರದ ತಳದಲ್ಲೂ ಬದುಕುವ ಬ್ಯಾಕ್ಟೀರಿಯ ಯಾರಿಗಿಂತ ಕೀಳು? ‘ಕೋತಿಯಿಂದ ಮನುಷ್ಯ ಆದದ್ದನ್ನು ಯಾರು ನೋಡಿದ್ದಾರೆ’ ಅಂತ ೨೦೧೮ರಲ್ಲಿ ಕೇಂದ್ರದ ಸಚಿವರೊಬ್ಬರು ಕೇಳಿದರಲ್ಲ, ಆ ಪ್ರಶ್ನೆ ಹುಟ್ಟುವುದು ಈ ಏಣಿಯಿಂದಲೇ. ಇವತ್ತಿನ ಕೋತಿ ನಮ್ಮ ಅಜ್ಜ ಅಂತ ಡಾರ್ವಿನ್ ಹೇಳಲಿಲ್ಲ. ಕೋತಿಗೂ ನಮಗೂ ಹಿಂದೆ ಒಬ್ಬರೇ ಪೂರ್ವಿಕರು, ಅದು ನಮ್ಮ ದಾಯಾದಿ ಅಂದ. ಹಳ್ಳಿಯ ಮಕ್ಕಳಿಗೆ ಅಜ್ಜನಿಗೂ ದಾಯಾದಿಗೂ ಇರುವ ಫರಕು ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಇದೇ ಡಾರ್ವಿನ್ ಹುಡುಗನಾಗಿದ್ದಾಗ ಎಡಿನ್‌ಬರೋದಲ್ಲಿ ಸತ್ತ ಹಕ್ಕಿಯ ಚರ್ಮ ಸುಲಿದು ಒಳಗೆ ತುಂಬಿ ನಿಲ್ಲಿಸುವ ಕೆಲಸ ಕಲಿತ. ಹೇಳಿಕೊಟ್ಟವನು ಜಾನ್ ಎಡ್ಮನ್‌ಸ್ಟೋನ್. ದಕ್ಷಿಣ ಅಮೆರಿಕದ ಗಯಾನಾದಲ್ಲಿ ಗುಲಾಮನಾಗಿದ್ದು ಬಿಡುಗಡೆಯಾದ ಕಪ್ಪು ಮನುಷ್ಯ. ಸತ್ತ ಪ್ರಾಣಿಯ ಚರ್ಮ ಮುಟ್ಟಿದ್ದಕ್ಕೆ ಮುಟ್ಟಿಸಿಕೊಳ್ಳದವರಾದ ನಮ್ಮ ಜನಕ್ಕೆ ಈ ಹೆಸರು ಗೊತ್ತಿರಬೇಕು. ಆ ಕೈಕೆಲಸ ಕಲಿಯದಿದ್ದರೆ ದೂರದ ದ್ವೀಪಗಳ ಹಕ್ಕಿಗಳನ್ನು ಡಾರ್ವಿನ್ ಕೆಡದಂತೆ ಮನೆಗೆ ತರುವುದು ಕಷ್ಟವಿತ್ತು.

‘ಬಲಿಷ್ಠರ ಉಳಿವು’ ಅನ್ನುವ ಮಾತನ್ನೂ ಡಾರ್ವಿನನ ತಲೆಗೆ ಕಟ್ಟುತ್ತಾರೆ. ಆ ನುಡಿಯನ್ನು ೧೮೬೪ರಲ್ಲಿ ಹುಟ್ಟಿಸಿದವನು ಹರ್ಬರ್ಟ್ ಸ್ಪೆನ್ಸರ್. ಡಾರ್ವಿನ್ ತನ್ನ ಪುಸ್ತಕಕ್ಕೆ ಅದನ್ನು ಸೇರಿಸಿದ್ದು ೧೮೬೯ರ ಐದನೇ ಮುದ್ರಣದಲ್ಲಿ. ಅದರ ಅರ್ಥವೂ ಬಲಿಷ್ಠ ಅಂತಲ್ಲ. ಆ ಜಾಗಕ್ಕೆ, ಆ ಕಾಲಕ್ಕೆ ಒಗ್ಗುವವನು ಅಂತ. ಸಿಕಲ್‌ಸೆಲ್ ರೋಗವನ್ನು ನೋಡಿ. ನೀಲಗಿರಿಯ ಬುಡಕಟ್ಟು ಜನರಲ್ಲಿ ಇದನ್ನು ೧೯೫೨ರಲ್ಲಿ ಗುರುತಿಸಿದರು. ಅಪ್ಪ ಅವ್ವ ಇಬ್ಬರಿಂದಲೂ ಆ ಜೀನ್ ಬಂದರೆ ರಕ್ತಕಣ ಕುಡುಗೋಲಿನಂತೆ ಬಾಗಿ ಮನುಷ್ಯ ನರಳುತ್ತಾನೆ. ಒಬ್ಬರಿಂದ ಮಾತ್ರ ಬಂದರೆ ಮಲೇರಿಯ ಅವನನ್ನು ಅಷ್ಟು ಸುಲಭವಾಗಿ ಕೊಲ್ಲಲಾರದು. ಮಲೇರಿಯ ಇರುವ ಕಾಡಿನಲ್ಲಿ ಅದು ಕಾಪಾಡುವ ಗುಣ, ಮಲೇರಿಯ ಇಲ್ಲದ ಊರಿನಲ್ಲಿ ಬರೀ ಕಷ್ಟ. ಅಂದಮೇಲೆ ಯಾವ ಗುಣ ಯೋಗ್ಯ, ಯಾವುದು ಅಯೋಗ್ಯ ಅಂತ ಜಾಗ ನೋಡದೆ ಹೇಳುವವರು ಯಾರು? ಮೀಸಲಾತಿಯ ಮಾತು ಬಂದ ತಕ್ಷಣ ‘ಮೆರಿಟ್ಟು ರಕ್ತದಲ್ಲಿ ಬರಬೇಕು ಕಣ್ರೀ’ ಅನ್ನುವ ಮಹನೀಯರಿಗೆ ಈ ಒಂದು ಉದಾಹರಣೆ ಸಾಕು.

ಕೊನೆಯ ಪದ ‘ಹೊಂದಾಣಿಕೆ’. ಒಂಟೆಯ ಡುಬ್ಬ, ಮೀನಿನ ಕಿವಿರು, ಗೂಬೆಯ ಕಣ್ಣು, ಎಲ್ಲ ಹೊಂದಾಣಿಕೆ. ಈ ಪದ ನಮಗೆ ಬೇರೆ ಕಡೆಯಿಂದಲೂ ಗೊತ್ತು. ಬಾವಿಗೆ ಬಿಡದಿದ್ದಾಗ, ಹೋಟೆಲಿನಲ್ಲಿ ಬೇರೆ ಲೋಟ ಇಟ್ಟಾಗ, ಹಿರಿಯರು ಹೇಳುತ್ತಿದ್ದರು: ‘ಹೊಂದ್ಕೊಂಡು ಹೋಗ್ರಪ್ಪಾ.’ ಪಾಠ ಓದಿದ ಹುಡುಗನಿಗೂ ಹಾಗೇ ಅನ್ನಿಸುತ್ತದೆ: ಪ್ರಾಣಿ ತನ್ನನ್ನು ತಾನು ಬಗ್ಗಿಸಿಕೊಂಡು ಪರಿಸರಕ್ಕೆ ಹೊಂದಿಕೊಂಡಿತು, ಬಗ್ಗದ್ದು ಸತ್ತಿತು. ಇದು ಡಾರ್ವಿನನ ವಿಜ್ಞಾನವಲ್ಲ. ಯಾವ ಪ್ರಾಣಿಯೂ ತಾನಾಗಿ ಹೊಂದಿಕೊಂಡು ತನ್ನ ಮಕ್ಕಳನ್ನು ಬದಲಿಸುವುದಿಲ್ಲ. ಒಂದು ಗುಂಪಿನಲ್ಲಿ ಹುಟ್ಟುವಾಗಲೇ ಎಲ್ಲವೂ ಒಂದೇ ಥರ ಇರುವುದಿಲ್ಲ. ಆ ವ್ಯತ್ಯಾಸವೇ ಬಂಡವಾಳ. ಪರಿಸರ ಬದಲಾದಾಗ ಕೆಲವು ವ್ಯತ್ಯಾಸಗಳು ಕೆಲಸಕ್ಕೆ ಬರುತ್ತವೆ, ಅವು ಮುಂದಿನ ತಲೆಮಾರಿನಲ್ಲಿ ಹೆಚ್ಚುತ್ತವೆ. ಮಲೆನಾಡಿನ ಅಡಿಕೆ ತೋಟದ ಹಾರುವ ಓತಿಯ ಪಕ್ಕೆಲುಬುಗಳು ಉದ್ದವಾಗಿ ಚಾಚಿ, ಅದರ ಮೇಲೆ ಚರ್ಮ ಹರಡಿ, ಮರದಿಂದ ಮರಕ್ಕೆ ತೇಲುವ ರೆಕ್ಕೆಯಾದದ್ದು ಹೀಗೆ. ಒಂದು ಓತಿ ಕಷ್ಟಪಟ್ಟು ಪಕ್ಕೆ ಎಳೆದುಕೊಂಡದ್ದರಿಂದ ಅಲ್ಲ. ಎಲ್ಲರೂ ಒಂದೇ ಥರ ಇದ್ದರೆ ಬದಲಾವಣೆಯೇ ಇಲ್ಲ. ಬೇರೆಯಾಗಿ ಹುಟ್ಟಿದವರಿಂದಲೇ ಮುಂದಿನ ದಾರಿ.

ತೇಜಸ್ವಿಯವರ ‘ಕರ್ವಾಲೋ’ ೧೯೮೦ರಲ್ಲಿ ಬಂತು. ಆ ಓತಿಯನ್ನೇ ಹುಡುಕಿ ಹೊರಟ ಕಾದಂಬರಿ. ಅಲ್ಲಿ ದೊಡ್ಡ ವಿಜ್ಞಾನಿಗೆ ದಾರಿ ತೋರಿಸುವವನು ಊರವರು ಕೆಲಸಕ್ಕೆ ಬಾರದವನು ಅಂತ ನೋಡುವ ಮಂದಣ್ಣ. ಜೀವವಿಕಾಸವನ್ನು ಕನ್ನಡದ ಮಣ್ಣಿನಲ್ಲಿ, ಕನ್ನಡದ ಮಾತಿನಲ್ಲಿ ಹೇಳಲು ಬರುತ್ತದೆ ಅನ್ನುವುದಕ್ಕೆ ಆ ಪುಸ್ತಕವೇ ಸಾಕ್ಷಿ. ಪಠ್ಯ ಬರೆದವರಿಗೆ ಮಾತ್ರ ಯಾಕೆ ಬರಲಿಲ್ಲ?

ಪದಗಳ ತಕರಾರು ಇಷ್ಟು. ಈಗ ಕತ್ತರಿಯ ವಿಷಯ. ಕೊರೊನಾದ ನಂತರ ಮಕ್ಕಳ ಹೊರೆ ಇಳಿಸುತ್ತೇವೆ ಅಂತ ಹೇಳಿ ಎನ್‌ಸಿಇಆರ್‌ಟಿ ೨೦೨೨ರಲ್ಲಿ ಪಾಠಗಳನ್ನು ಕಡಿಮೆ ಮಾಡಿತು. ೨೦೨೩ರ ಹತ್ತನೇ ತರಗತಿ ಪುಸ್ತಕದಲ್ಲಿ ‘ಅನುವಂಶೀಯತೆ ಮತ್ತು ಜೀವವಿಕಾಸ’ ಬರೀ ‘ಅನುವಂಶೀಯತೆ’ ಆಯಿತು. ೧೮೦೦ಕ್ಕೂ ಹೆಚ್ಚು ವಿಜ್ಞಾನಿಗಳು, ಅಧ್ಯಾಪಕರು ಆ ವರ್ಷದ ಏಪ್ರಿಲ್‌ನಲ್ಲಿ ಬಹಿರಂಗ ಪತ್ರ ಬರೆದು ವಿರೋಧಿಸಿದರು. ವಿಜ್ಞಾನದ ಪಠ್ಯವನ್ನು ನಮ್ಮ ರಾಜ್ಯವೂ ಅಲ್ಲಿಂದಲೇ ತಂದುಕೊಂಡದ್ದು, ಹಾಗಾಗಿ ದೆಹಲಿಯ ಕತ್ತರಿ ನಮಗೆ ದೂರದ ಮಾತಲ್ಲ.

ಏನು ಹೋಯಿತು ನೋಡಿ. ಡಾರ್ವಿನ್ ಹೋದ, ಪಳೆಯುಳಿಕೆ ಹೋಯಿತು, ಮನುಷ್ಯನ ವಿಕಾಸ ಹೋಯಿತು. ವಿಕಾಸವನ್ನು ‘ಪ್ರಗತಿ’ ಅಂತ ತಿಳಿಯಬಾರದು ಅಂತ ಬಿಡಿಸಿ ಹೇಳಿದ್ದ ಭಾಗ ಹೋಯಿತು. ಏಣಿಯನ್ನು ಮುರಿಯುತ್ತಿದ್ದ ಭಾಗ ಅದೇ. ಚರ್ಮದ ಬಣ್ಣ ನೋಡಿ ಮನುಷ್ಯರನ್ನು ಜನಾಂಗಗಳಾಗಿ ವಿಂಗಡಿಸುವುದಕ್ಕೆ ಜೀವಶಾಸ್ತ್ರದ ಆಧಾರವಿಲ್ಲ, ಎಲ್ಲರೂ ಒಂದೇ ಪ್ರಭೇದ, ಎಲ್ಲರ ಮೂಲವೂ ಆಫ್ರಿಕ ಅಂತ ಹೇಳಿದ್ದ ಭಾಗವೂ ಹೋಯಿತು. ಬದುಕಿನಲ್ಲಿ ಗಳಿಸಿದ ಲಕ್ಷಣ ಮಕ್ಕಳಿಗೆ ಹುಟ್ಟಿನಿಂದ ಬರುವುದಿಲ್ಲ ಅನ್ನುವ ಪಾಠ ಹೋಯಿತು. ಇಲಿಗಳ ಬಾಲವನ್ನು ಎಷ್ಟು ತಲೆಮಾರು ಕತ್ತರಿಸಿದರೂ ಬಾಲವಿಲ್ಲದ ಇಲಿ ಹುಟ್ಟುವುದಿಲ್ಲ ಅಂತ ಅಲ್ಲಿ ಓದುತ್ತಿದ್ದೆವು. ಎಷ್ಟು ತಲೆಮಾರು ಪೊರಕೆ ಹಿಡಿಸಿದರೂ ಪೊರಕೆ ಹಿಡಿಯಲೆಂದೇ ಹುಟ್ಟುವ ಮಗು ಇಲ್ಲ, ಎಷ್ಟು ತಲೆಮಾರು ಮಂತ್ರ ಹೇಳಿದರೂ ಮಂತ್ರ ಬಾಯಲ್ಲಿ ಇಟ್ಟುಕೊಂಡು ಹುಟ್ಟುವ ಮಗುವೂ ಇಲ್ಲ ಅಂತ ಅದರ ಅರ್ಥ. ಕುಲಕಸುಬು ರಕ್ತದಲ್ಲಿ ಬರುತ್ತದೆ ಅನ್ನುವವರಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಇಲ್ಲ.

ಉಳಿದದ್ದು ಏನು? ಅನುವಂಶೀಯತೆ. ಶುದ್ಧ ತಳಿ, ಪ್ರಬಲ, ದುರ್ಬಲ. ಅಪ್ಪನಂತೆ ಮಗ. ಬದಲಾವಣೆಯ ಪಾಠ ತೆಗೆದು ಹುಟ್ಟಿನ ಪಾಠ ಮಾತ್ರ ಉಳಿಸಿದರೆ ಅದು ಅರ್ಧ ವಿಜ್ಞಾನ. ನಮ್ಮ ಊರುಗಳಲ್ಲಿ ಈ ಅರ್ಧ ವಿಜ್ಞಾನ ಬಹಳ ಸಲೀಸಾಗಿ ಪೂರ್ತಿ ಮನುಧರ್ಮವಾಗುತ್ತದೆ. ಇಷ್ಟನ್ನೂ ಯಾರೋ ಕೂತು ಲೆಕ್ಕ ಹಾಕಿ ಮಾಡಿದರು ಅಂತ ನಾವು ಹೇಳುತ್ತಿಲ್ಲ. ಫಲ ಅದೇ ಅಂತ ಹೇಳುತ್ತಿದ್ದೇವೆ.

‘ಹನ್ನೆರಡನೇ ಕ್ಲಾಸಿನಲ್ಲಿ ಇದೆಯಲ್ಲ’ ಅಂತ ಸಮಾಧಾನ ಹೇಳಿದರು. ಹನ್ನೆರಡನೇ ಕ್ಲಾಸಿನ ಜೀವಶಾಸ್ತ್ರಕ್ಕೆ ಹೋಗುವವರು ಯಾರು? ಟ್ಯೂಷನ್ ದುಡ್ಡಿರುವವರು, ಡಾಕ್ಟರಾಗಬೇಕು ಅಂತ ಮನೆಯಲ್ಲಿ ಹೇಳಿಸಿಕೊಂಡವರು. ಆರ್ಟ್ಸ್ ತೆಗೆದುಕೊಳ್ಳುವ ಹುಡುಗಿಗೆ, ಐಟಿಐ ಸೇರುವ ಹುಡುಗನಿಗೆ, ಎಸ್ಸೆಸ್ಸೆಲ್ಸಿ ಮುಗಿಸಿ ಗಾರ್ಮೆಂಟ್ಸ್ ಬಸ್ಸು ಹತ್ತುವವರಿಗೆ ಡಾರ್ವಿನ್ ಸಿಗಲೇ ಇಲ್ಲ. ಎಲ್ಲ ಮನುಷ್ಯರೂ ಒಂದೇ ಕುಲದವರು ಅನ್ನುವ ಸತ್ಯ ಡಾಕ್ಟರಾಗುವವರಿಗೆ ಮಾತ್ರ ಯಾಕೆ? ಹಿಂದೆ ವೇದ ಕೇಳಬಾರದು ಅಂತ ಕಿವಿ ಮುಚ್ಚಿಸಿದರು. ಈಗ ಹೊರೆ ಅಂತ ಹೇಳಿ ಪುಟ ಹರಿದರು.

ಹಳ್ಳಿಯ ಮೇಷ್ಟ್ರುಗಳೇ, ನಿಮ್ಮನ್ನು ನಂಬಿ ಈ ಮಾತು. ಪುಸ್ತಕದಲ್ಲಿ ಪಾಠ ಇರಲಿ ಬಿಡಲಿ, ಕರಿಹಲಗೆ ಇನ್ನೂ ನಿಮ್ಮ ಕೈಯಲ್ಲಿದೆ. ಅನುವಂಶೀಯತೆ ಹೇಳುವ ದಿನವೇ ಜೀವವಿಕಾಸವನ್ನೂ ಹೇಳಿ. ‘ದುರ್ಬಲ’ ಅಂತ ಬರೆದ ಕಡೆ ‘ಅಡಗಿದ’ ಅಂತ ಬರೆಸಿ; ‘ಶುದ್ಧ’ ಅಂದರೆ ಮಡಿಯಲ್ಲ, ಎರಡೂ ಪ್ರತಿ ಒಂದೇ ಅಂತ ಬಿಡಿಸಿ ಹೇಳಿ; ಏಣಿ ಬರೆದ ಕಡೆ ಮರ ಬರೆಯಿರಿ. ಮಕ್ಕಳ ಕಿವಿಯ ಹಾಲೆಗಳನ್ನು ನೋಡಿ ಎಣಿಸಲು ಹೇಳಿ: ಕೆನ್ನೆಗೆ ಅಂಟಿದವು ಎಷ್ಟು, ಬಿಡಿಯಾಗಿ ತೂಗುವವು ಎಷ್ಟು. ಅದು ಒಂದೇ ಜೀನಿನ ಆಟವಲ್ಲ ಅಂತ ಈಗ ಗೊತ್ತಾಗಿದೆ, ಆದರೂ ಎಣಿಸಲಿ. ಊರಿನ ಮಕ್ಕಳು, ಕೇರಿಯ ಮಕ್ಕಳು ಒಂದೇ ಬೆಂಚಿನಲ್ಲಿ ಕೂತು ಒಬ್ಬರ ಕಿವಿ ಒಬ್ಬರು ಮುಟ್ಟಿ ನೋಡಲಿ. ಎರಡು ಥರದ ಕಿವಿಯೂ ಎರಡು ಕಡೆಯೂ ಸಿಗುತ್ತದೆ.

ವಿದ್ಯಾರ್ಥಿ ಗೆಳೆಯರು, ಸಂಘಟನೆಯ ಗೆಳೆಯರು ಹಾಸ್ಟೆಲುಗಳಲ್ಲಿ ಸಂಜೆ ಹೊತ್ತು ಈ ಪಾಠವನ್ನು ಕೈಗೆತ್ತಿಕೊಳ್ಳಲಿ. ಭೂಮಿಗಾಗಿ, ಕೂಲಿಗಾಗಿ, ಹಾಸ್ಟೆಲಿನ ಅನ್ನಕ್ಕಾಗಿ ಬೀದಿಗಿಳಿದ ಹಾಗೆಯೇ ಪುಸ್ತಕದ ಹರಿದ ಪುಟಗಳಿಗಾಗಿಯೂ ಕೇಳಬೇಕಾಗಿದೆ. ಆ ಪುಟಗಳನ್ನು ವಾಪಸ್ ಹಾಕಿ ಅನ್ನುವುದು ನಮ್ಮ ಮೊದಲ ಒತ್ತಾಯ. ಹಾಕುವಾಗ ನಮ್ಮ ಮಕ್ಕಳ ತಲೆ ತಗ್ಗಿಸದ ಕನ್ನಡದಲ್ಲಿ ಬರೆಯಿರಿ ಅನ್ನುವುದು ಎರಡನೆಯದು.